ಪಾಳಿಯ ಪ್ರವಾಸ

ಮೈಸೂರಿನಲ್ಲಿ ಬಿಜಲಿಯನ್ನು ಹಿಡಿದುಕೊಂಡು ಬೀದಿಗಿಳಿದರೆ ಯಾರಾದರೊಬ್ಬರು ತಡೆದು ಕೇಳಿಯೇ ಕೇಳುತ್ತಾರೆ: “ಊಟ ಹಾಕೋದಿಲ್ವಾ ಅಮ್ಮ? ಪಕ್ಕೆಲುಬು ಎಣಿಸಬಹುದು.” ಮುಧೋಳದ ನಾಯಿ ಇರುವುದೇ ಹಾಗೆ. ಎದೆ ಆಳ, ಹೊಟ್ಟೆ ಒಳಕ್ಕೆ ಸೇದಿಕೊಂಡಿರುತ್ತದೆ, ಕಾಲು ಉದ್ದ, ಮೂತಿ ಇನ್ನೂ ಉದ್ದ. ಇದನ್ನೆಲ್ಲ ವಿವರಿಸಿ ವಿವರಿಸಿ ಸಾಕಾದ ನಮ್ಮ ಯಜಮಾನರು ಕೊನೆಕೊನೆಗೆ “ಅವಳದು ದಿನಾ ಏಕಾದಶಿ” ಎಂದುಬಿಡುತ್ತಿದ್ದರು. ಪುಟ್ಟಯ್ಯನಿಗೆ ಈ ಕಾಟವಿಲ್ಲ. ಅವನು ನಮ್ಮ ಬಡಾವಣೆಯ ಚರಂಡಿಯ ಪಕ್ಕ ಸಿಕ್ಕ ಅಪ್ಪಟ ಬೀದಿನಾಯಿ. ಗುಂಡಗಿದ್ದಾನೆ, ವಯಸ್ಸಾಗಿದೆ, ಅವನ ಊಟದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಚಳಿಗಾಲ ಪೂರ್ತಿ ಇವೆರಡನ್ನೂ ಕಟ್ಟಿಕೊಂಡು ಬಾದಾಮಿಗೆ ಹೋಗುವ ಯೋಚನೆ ಹುಟ್ಟಿದ್ದು ಕೆನಡಾದಿಂದ. ಮಗ ಕ್ಯಾಲ್ಗರಿಯಲ್ಲಿದ್ದಾನೆ. ಅಪ್ಪ ಅಮ್ಮ ಇಬ್ಬರೂ ನಿವೃತ್ತರು, ಬಂದು ಬ್ಯಾನ್ಫ್‌ನ ಹಿಮ ನೋಡಿಕೊಂಡು ಹೋಗಲಿ ಎಂದು ಅವನ ಆಸೆ. ನಾಯಿಗಳನ್ನು ಯಾರ ಬಳಿ ಬಿಡುವುದು ಎಂದು ನಾವು ರಾಗ ಎಳೆದಾಗ ಅವನೊಂದು ವಿಡಿಯೊ ಕಳಿಸಿದ. ಅವನಿಗೆ ಪರಿಚಯದ ನಿವೃತ್ತ ಗಂಡಹೆಂಡಿರು ಎರಡು ನಾಯಿಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಹಿಮಬೆಟ್ಟದ ಬುಡಕ್ಕೆ ಹೋಗಿ, ಋತು ಮುಗಿಯುವವರೆಗೆ ಅಲ್ಲೇ ಇದ್ದು ಸ್ನೋಬೋರ್ಡ್ ಆಡುತ್ತಾರಂತೆ. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಆಟ ಅದು. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬಾತ ಮಗಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿಕೊಟ್ಟ ಆಟಿಕೆಯಿಂದ ಬೆಳೆದದ್ದು. 1998ರ ನಗಾನೊ ಹೊತ್ತಿಗೆ ಒಲಿಂಪಿಕ್ಸಿಗೂ ಹೋಯಿತು. ವಿಡಿಯೊದಲ್ಲಿ ಬಿಳಿತಲೆಯ ಹೆಂಗಸೊಬ್ಬಳು ಸುಯ್ಯೆಂದು ಇಳಿದು ಬರುತ್ತಾಳೆ, ಕೆಳಗೆ ಗಂಡ ಎರಡು ನಾಯಿಗಳನ್ನು ಹಿಡಿದು ನಿಂತಿದ್ದಾನೆ. ಆಮೇಲೆ ಅವಳು ನಾಯಿ ಹಿಡಿಯುತ್ತಾಳೆ, ಅವನು ಮೇಲೆ ಹೋಗುತ್ತಾನೆ. ಮಗ ನಮಗೆ ತೋರಿಸಬೇಕೆಂದಿದ್ದದ್ದು ಹಿಮ. ನಾವಿಬ್ಬರೂ ನೋಡಿದ್ದು ನಾಯಿಗಳನ್ನು. “ಇಷ್ಟೇ ತಾನೇ, ಇದಕ್ಕೆ ಹಿಮ ಯಾಕೆ ಬೇಕು?” ಎಂದರು ಇವರು. ಮಂಡಿ ಸವೆದ ವಯಸ್ಸಿನಲ್ಲಿ ಹಲಗೆಗೆ ಕಾಲು ಕಟ್ಟಿಕೊಳ್ಳುವ ಧೈರ್ಯ ನಮಗಿರಲಿಲ್ಲ ಎಂಬುದು ಬೇರೆ ಮಾತು.

ಬಾದಾಮಿಯೇ ಯಾಕೆ ಎಂದರೆ ಬಿಜಲಿಯ ತವರು ಅದೇ ಸೀಮೆ. ಮುಧೋಳ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬೇಟೆಗಾರ ಸಮುದಾಯಗಳ ಬಳಿ ಇದ್ದ ಈ ನಾಯಿಗಳನ್ನು ಗುರುತಿಸಿ ತಳಿ ಕಾಪಾಡಿದವರು ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆ. 2005ರಲ್ಲಿ ಐದು ರೂಪಾಯಿಯ ಅಂಚೆಚೀಟಿಯ ಮೇಲೂ ಈ ನಾಯಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ, ಸುತ್ತಲಿನ ಊರುಗಳಲ್ಲಿ ಮರಿ ಸಾಕಿ ಮಾರುವುದೇ ಎಷ್ಟೋ ಮನೆಗಳ ಕಸುಬು. ಸೈನ್ಯದವರೂ ಇಲ್ಲಿಂದ ಮರಿಗಳನ್ನು ಒಯ್ದಿದ್ದಾರೆ. ನಮ್ಮ ಬಿಜಲಿಯದು ಅಂಥ ವೈಭವದ ಕಥೆಯಲ್ಲ. ಶೋಕಿಗೆ ತಂದು ಸಾಕಲಾಗದೆ ಹೋದವರೊಬ್ಬರ ಮನೆಯಿಂದ ನಮ್ಮ ಮನೆಗೆ ಬಂದವಳು.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿನಿಂದಲೇ ಹೊರಡುತ್ತದೆ, ಬಾದಾಮಿಯಲ್ಲಿ ನಿಲ್ಲುತ್ತದೆ. ಆದರೆ ರೈಲಿನಲ್ಲಿ ನಾಯಿಯನ್ನು ಜೊತೆಗಿಟ್ಟುಕೊಳ್ಳಬೇಕಾದರೆ ಫಸ್ಟ್ ಕ್ಲಾಸಿನ ಕೂಪೆಯನ್ನೇ ಹಿಡಿಯಬೇಕು, ಇಲ್ಲವೆಂದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಪುಟ್ಟಯ್ಯನನ್ನು ಪೆಟ್ಟಿಗೆಯಲ್ಲಿ ಹಾಕಿದರೆ ಅರಸೀಕೆರೆ ದಾಟುವಷ್ಟರಲ್ಲಿ ಗಾರ್ಡ್ ಸಾಹೇಬರು ರಾಜೀನಾಮೆ ಕೊಡುತ್ತಿದ್ದರು. ಕಾರಿನಲ್ಲೇ ಹೋದೆವು.

ಲಾಡ್ಜಿನವರು ಫೋನಿನಲ್ಲಿ “ಪೆಟ್ ನಡೀತದ್ರೀ” ಎಂದಿದ್ದರು, ಎದುರಿಗೆ ಬಿಜಲಿಯನ್ನು ಕಂಡ ಮೇಲೆ “ಇಷ್ಟ್ ದೊಡ್ಡದು ಅಂತ ಹೇಳಲಿಲ್ರೀ ನೀವು” ಎಂದರು. ಕೊನೆಗೆ ಊರಂಚಿನಲ್ಲಿ ಒಂದು ಮನೆ ಬಾಡಿಗೆಗೆ ಸಿಕ್ಕಿತು. ಕೆಂಪು ಕಲ್ಲಿನ ಗೋಡೆ, ಹಾಸುಗಲ್ಲಿನ ನೆಲ, ಮುಂದೊಂದು ಕಟ್ಟೆ, ಬೇವಿನ ಮರ. ಮನೆಯ ಅವ್ವ ನಮ್ಮನ್ನಲ್ಲ, ಮೊದಲು ನಾಯಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಜಾತಿ ನಾಯಿ ಐತಿ. ಎಲ್ಲಿ ಮರಿ ಇದು?” ಊಟದ ಮಾತೇ ಎತ್ತಲಿಲ್ಲ. ಇವರು ಎಷ್ಟು ಬೀಗಿದರೆಂದರೆ, ಬಾಡಿಗೆ ಚೌಕಾಸಿ ಮಾಡುವುದನ್ನೇ ಮರೆತರು. ಪುಟ್ಟಯ್ಯನತ್ತ ತಿರುಗಿ ಅವ್ವ, “ಇದು?” ಎಂದಳು. “ಇದು ಮೈಸೂರು” ಎಂದೆ.

ಮರುದಿನವೇ ಮೇಣಬಸದಿಗಳ ಬಾಗಿಲಿಗೆ ಹೋದೆವು. ಬಾದಾಮಿಗೆ ಹೋದವರು ಮೊದಲು ಹೋಗುವುದೇ ಅಲ್ಲಿಗೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಒಳಗೆ ಪ್ರಾಣಿಗಳನ್ನು ಒಯ್ಯುವಂತಿಲ್ಲ ಎಂಬ ನಿಯಮ ಗೊತ್ತಿತ್ತು. ಗುಹೆಗಳ ಒಳಗೆ ಬೇಡ, ಮೆಟ್ಟಿಲವರೆಗಾದರೂ ಬಿಟ್ಟಾರು ಎಂದುಕೊಂಡಿದ್ದೆವು. ಬಿಡಲಿಲ್ಲ, ಬಿಡಬಾರದು ಕೂಡ. ಆ ಮೆಟ್ಟಿಲುಗಳು ಮಂಗಗಳ ಸಾಮ್ರಾಜ್ಯ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿ ಬಿಟ್ಟು ಒಳಗೆ ಬರಲಾರೆ ಎಂದು ಹಟ ಹಿಡಿದ. ಅವನು ಒಬ್ಬನೇ ಇದ್ದ, ಹಟ ಹಿಡಿಯದೆ ಗತಿ ಇರಲಿಲ್ಲ. ನಾವು ಇಬ್ಬರಿದ್ದೆವು, ಪಾಳಿ ಹಾಕಿಕೊಂಡೆವು. ಮೊದಲು ಇವರು ಒಳಗೆ, ನಾನು ಹೊರಗೆ. ಆಮೇಲೆ ಅದಲುಬದಲು.

ಹೀಗಾಗಿ ಬಾದಾಮಿಯ ಹೊರಗನ್ನು ನಾನು ಒಳಗಿಗಿಂತ ಚೆನ್ನಾಗಿ ಬಲ್ಲೆ. ಗುಹೆಗಳ ಬುಡದಲ್ಲಿ ಹಳೆಯ ಗೋರಿಯೊಂದರ ಗುಮ್ಮಟವಿದೆ. ಅದರ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ನಾಯಿ ಹಿಡಿದು ಕೂತವರಿಗಷ್ಟೇ ಗೊತ್ತು. ಅಗಸ್ತ್ಯತೀರ್ಥದ ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ. ಒಬ್ಬಳು ಬಡಿದ ಸದ್ದು ಆಚೆ ದಡದ ಬಂಡೆಗೆ ಬಡಿದು ಹಿಂತಿರುಗುವಷ್ಟರಲ್ಲಿ ಪಕ್ಕದವಳು ಬಡಿದಿರುತ್ತಾಳೆ, ಹಾಗಾಗಿ ಅಲ್ಲಿರುವವರು ನಾಲ್ವರಾದರೂ ಕೇಳುವುದು ಎಂಟು ಜನರ ಸದ್ದು. ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಮೇಷ್ಟ್ರು “ಸಾಲಾಗಿ, ಸಾಲಾಗಿ” ಎಂದು ಕೂಗುತ್ತಲೇ ಇರುತ್ತಾರೆ, ಮಕ್ಕಳು ಮಂಗಗಳ ಹಿಂದೆ, ಮಂಗಗಳು ಮಕ್ಕಳ ಕೈಯ ಕುರ್ಕುರೆ ಪೊಟ್ಟಣದ ಹಿಂದೆ.

ಬಿಜಲಿಯ ಬೇಟೆಯೆಲ್ಲ ಕಣ್ಣಿನಲ್ಲೇ. ಈ ಜಾತಿಯ ನಾಯಿಗೆ ಮೂಗು ಎರಡನೆಯದು, ಚಲನೆ ಮೊದಲನೆಯದು. ಅಷ್ಟೆತ್ತರದ ಬಂಡೆಯ ಅಂಚಿನಲ್ಲಿ ಮಂಗವೊಂದು ಬಾಲ ಆಡಿಸಿದ್ದನ್ನು ಅವಳು ಕಾಣುತ್ತಿದ್ದಳು. ಬೊಗಳುವುದಿಲ್ಲ. ಕಿವಿ ಹಿಂದಕ್ಕೆ ಹೋಗುತ್ತದೆ, ಮುಂಗಾಲೊಂದು ನೆಲ ಬಿಟ್ಟು ಅರ್ಧದಲ್ಲೇ ನಿಲ್ಲುತ್ತದೆ, ತೊಡೆಯ ಚರ್ಮ ಸಣ್ಣಗೆ ಅದುರತೊಡಗುತ್ತದೆ. ಅಷ್ಟರಲ್ಲಿ ನಾನು ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿರಬೇಕು. ಪುಟ್ಟಯ್ಯನದು ತದ್ವಿರುದ್ಧ. ಏನನ್ನೂ ನೋಡದೆ, ಬಿಜಲಿಯ ಹಗ್ಗ ಬಿಗಿಯಾದದ್ದೇ ಸಾಕ್ಷಿ ಎಂದು ಎದ್ದು ನಿಂತು ತಪ್ಪು ದಿಕ್ಕಿಗೆ ಬೊಗಳುತ್ತಾನೆ.

ಇವರು ಒಳಗಿನಿಂದ ಬಂದು ವರದಿ ಒಪ್ಪಿಸಬೇಕು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವರ ವರದಿ ಹೇಗಿರುತ್ತದೆ? “ಮೊದಲನೇ ಗುಹೆ, ನಟರಾಜ, ಹದಿನೆಂಟು ಕೈ, ಎಣಿಸಿದೆ, ಸರಿ ಇದೆ.” ನಾನು ಕನ್ನಡ ಮೇಡಂ. ನನ್ನ ಪಾಳಿ ಮುಗಿಸಿ ಬಂದು ಮೂರನೆಯ ಗುಹೆಯ ಮಾತು ಎತ್ತುತ್ತೇನೆ. ಮಂಗಲೇಶ 578ರಲ್ಲಿ ಮಾಡಿಸಿದ್ದು, ಗುಹೆಯಲ್ಲೇ ಶಾಸನವಿದೆ, ಶಕ ವರ್ಷ 500 ಎಂದು ಲೆಕ್ಕ ಸಿಗುತ್ತದೆ, ನಮ್ಮ ನಾಡಿನ ಕಲ್ಲುಗಳಲ್ಲಿ ಇಷ್ಟು ಖಚಿತವಾಗಿ ಹುಟ್ಟಿದ ದಿನ ಹೇಳುವವು ಕಡಿಮೆ, ಇತ್ಯಾದಿ. ಇವರು ಕೇಳುತ್ತಾರೆ: “ಕಂಬದ ಮೇಲುಗಡೆ ಜೋಡಿಗಳನ್ನು ನೋಡಿದೆಯಾ? ಒಬ್ಬಳು ತೂರಾಡುತ್ತಿದ್ದಾಳೆ, ಗಂಡ ಹಿಡಿದುಕೊಂಡಿದ್ದಾನೆ.” ನೋಡಿರಲಿಲ್ಲ. ಮುಂದಿನ ಪಾಳಿಗೆ ಅದು ಕೆಲಸ. ಹೀಗೆ ಒಂದೇ ಗುಹೆಗೆ ಮತ್ತೆ ಮತ್ತೆ ಹೋಗಬೇಕಾಯಿತು. ಒಬ್ಬರು ಹೇಳಿದ್ದು ನಿಜವೇ ಎಂದು ಇನ್ನೊಬ್ಬರು ಹೋಗಿ ನೋಡಿ ಬರುವ ಪ್ರವಾಸವಾಯಿತು ಅದು.

ಕೆರೆಯ ಆಚೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನಕ್ಕೆ ನಾನೇ ಹೋದೆ, ಇವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಕನ್ನಡದ ತ್ರಿಪದಿ ಕಲ್ಲಿನ ಮೇಲೆ ಸಿಗುವುದು ಅಲ್ಲಿಂದ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ ಸಾಲುಗಳು ಅಲ್ಲಿ ಯಾರೂ ಅಳಿಸದೆ ಇದ್ದವು. ಅಕ್ಷರಗಳು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವು, ಅಂದುಕೊಂಡದ್ದಕ್ಕಿಂತ ದುಂಡಗೆ. ಇಳಿದು ಬರುವಾಗ ನನಗೆ ನಮ್ಮ ಮಂಡ್ಯ ಸೀಮೆಯ ಆತಕೂರಿನ ಕಲ್ಲು ನೆನಪಾಯಿತು, 949ನೆಯ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕು ಕೇಳು ಎಂದರೆ ಅವನು ಊರು ಉಂಬಳಿ ಕೇಳಲಿಲ್ಲ, ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಇವರಿಗೆ ಹೇಳಿದೆ. “ನೋಡು ಮತ್ತೆ, ಕಲ್ಲಾದ ಮೇಲೆ ಒಳಗೆ ಬಿಟ್ಟಿದ್ದಾರೆ” ಎಂದರು.

ಇನ್ನು ಹತ್ತುವವರ ವಿಷಯ. ನವೆಂಬರಿನಿಂದ ಫೆಬ್ರವರಿಯವರೆಗೆ ಬಾದಾಮಿಗೆ ಗುಹೆ ನೋಡುವವರಲ್ಲದೆ ಬಂಡೆ ಹತ್ತುವವರೂ ಬರುತ್ತಾರೆ. ಬೆಂಗಳೂರು, ಪುಣೆಯ ಹುಡುಗರು, ಯುರೋಪಿನವರು, ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಶಿಬಿರದ ಮಕ್ಕಳು. ಸ್ಮಾರಕಗಳಿಂದ ದೂರ, ಊರ ಹೊರಗಿನ ಕೆಂಪು ಗೋಡೆಗಳಲ್ಲಿ ಬೋಲ್ಟು ಹೊಡೆದು ದಾರಿ ಮಾಡಿದ್ದಾರೆ. ಪ್ರತಿ ದಾರಿಗೂ ಹೆಸರಿದೆ, ಶ್ರೇಣಿಯಿದೆ. ಜಗತ್ತಿನಲ್ಲಿ ಅತಿ ಕಠಿಣವೆನಿಸಿದ್ದು ಫ್ರೆಂಚ್ ಲೆಕ್ಕದಲ್ಲಿ 9ಸಿ. ಬಾದಾಮಿಯ ‘ಗಣೇಶ’ ಎಂಬ ದಾರಿ 8ಬಿ+. ಅದರ ಬುಡದಲ್ಲಿ ನಿಂತು ನೋಡಿದರೆ ಗೋಡೆ ನಮ್ಮ ತಲೆಯ ಮೇಲೆಯೇ ಬಾಗಿಕೊಂಡಿದೆ. ಬೆಳಗಿನ ಹೊತ್ತು ನಾಯಿಗಳನ್ನು ಅಡ್ಡಾಡಿಸಲು ಆ ಕಡೆ ಹೋಗುವುದು ರೂಢಿಯಾಯಿತು. ಅಲ್ಲಿ ಟಿಕೆಟ್ಟಿಲ್ಲ, ಬಾಗಿಲಿಲ್ಲ, ಪಾಳಿ ಬೇಕಿಲ್ಲ.

ಈ ಕಲ್ಲು ಹತ್ತುವವರ ಕೈಗೆ ಹೇಳಿ ಮಾಡಿಸಿದ್ದು. ಮರಳುಗಲ್ಲು ಪದರ ಪದರವಾಗಿ ಅಡ್ಡಡ್ಡ ಕೂತಿದೆ, ಪದರದ ಅಂಚು ಬೆರಳ ತುದಿಗೆ ಸಿಗುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಪದರದೊಳಗೂ ಓರೆ ಗೆರೆಗಳಿವೆ, ಹರಿಯುವ ನೀರು ಮರಳನ್ನು ತಳ್ಳಿಕೊಂಡು ಹೋದ ಗುರುತು. ಗೆರೆ ಬಾಗಿದ ದಿಕ್ಕು ನೋಡಿ ಆ ನೀರು ಯಾವ ಕಡೆಗೆ ಹರಿಯುತ್ತಿತ್ತೆಂದು ಹೇಳಬಹುದಂತೆ. ಆ ಹೊಳೆ ಹರಿದಾಗ ಭೂಮಿಯ ಮೇಲೆ ನಾಯಿಯಿರಲಿ, ಹುಲ್ಲೂ ಇರಲಿಲ್ಲ.

ಒಬ್ಬರು ಹತ್ತುತ್ತಾರೆ, ಒಬ್ಬರು ಕೆಳಗೆ ನಿಂತು ಹಗ್ಗ ಹಿಡಿಯುತ್ತಾರೆ. ಹಿಡಿಯುವುದಕ್ಕೆ ಬಿಲೇ ಎನ್ನುತ್ತಾರೆ. ಹೊರಡುವ ಮುಂಚೆ ಮೇಲಿನವರು “ಆನ್ ಬಿಲೇ?” ಎನ್ನಬೇಕು, ಕೆಳಗಿನವರು ಗಂಟು, ಕೊಕ್ಕೆ ಎಲ್ಲ ಮುಟ್ಟಿ ನೋಡಿ “ಬಿಲೇ ಆನ್” ಎನ್ನಬೇಕು. ಅಲ್ಲಿಂದ ಮುಂದೆ ಕೆಳಗಿನವರು ಕಣ್ಣು ಕೀಳುವಂತಿಲ್ಲ. ದಿನವಿಡೀ ತಲೆಯೆತ್ತಿ ನೋಡಿ ಕತ್ತು ಹಿಡಿಯುತ್ತದೆಂದು ಅದಕ್ಕೊಂದು ಕನ್ನಡಕ ಬಂದಿದೆ. ಗಾಜಿನ ಬದಲು ಪಟ್ಟಕ, ನೇರ ನೋಡಿದರೆ ಆಕಾಶ ಕಾಣುತ್ತದೆ. ಪುಣೆಯ ಹುಡುಗಿಯೊಬ್ಬಳು ಇವರಿಗೆ ಹಾಕಿಕೊಳ್ಳಲು ಕೊಟ್ಟಳು. ಇವರು ಎದುರಿಗಿದ್ದ ನನ್ನನ್ನೇ ನೋಡುತ್ತ, “ಗಿಡುಗ ಕೂತಿದೆ ತುದಿಯಲ್ಲಿ” ಎಂದರು.

ಹುಡುಗನೊಬ್ಬ ಅರ್ಧ ಗೋಡೆಯಲ್ಲಿ ಕೈ ಜಾರಿ ಬಿದ್ದ. ಹಗ್ಗ ತಡೆಯಿತು, ಅವನು ನಗುತ್ತ ಗಾಳಿಯಲ್ಲಿ ತೂಗಾಡಿದ, ಅವರಿಗೆ ಅದು ದಿನನಿತ್ಯದ ಸಂಗತಿ. ಬಿಜಲಿಗೆ ಅಲ್ಲ. ಮೇಲಿನಿಂದ ಏನೋ ಬಿದ್ದದ್ದಷ್ಟೇ ಅವಳಿಗೆ ಕಂಡಿದ್ದು. ನನ್ನ ಕೈಯ ಹಗ್ಗ ಕಿತ್ತುಕೊಂಡು ಎರಡು ನೆಗೆತಕ್ಕೆ ಗೋಡೆಯ ಬುಡಕ್ಕೆ ಹೋಗಿ ಮೂತಿ ಮೇಲೆ ಮಾಡಿ ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಯ್ಯ ಮಾತ್ರ ಬೈಸಿಕೊಂಡ. ಹತ್ತುವವರು ಹಗ್ಗವನ್ನು ತುಳಿಯುವುದಿಲ್ಲ, ಮರಳ ಕಣ ಎಳೆಗಳೊಳಗೆ ಸೇರಿ ಸವೆಸುತ್ತದೆ ಎಂದು ಜೋಪಾನ ಮಾಡುತ್ತಾರೆ. ಇವನು ಸುರುಳಿ ಸುತ್ತಿಟ್ಟ ಹೊಸ ಹಗ್ಗದ ಮೇಲೆಯೇ ಮೂರು ಸುತ್ತು ತಿರುಗಿ ಮಲಗಿಬಿಟ್ಟಿದ್ದ.

ಅಲ್ಲಿಂದ ನಮ್ಮ ಮನೆಯ ಭಾಷೆಗೆ ಒಂದು ಮಾತು ಸೇರಿತು. ಗುಹೆಯ ಬಾಗಿಲಲ್ಲಿ, ಮಹಾಕೂಟದ ಹೊಂಡದ ಹತ್ತಿರ, ಪಟ್ಟದಕಲ್ಲಿನ ಗೇಟಿನಲ್ಲಿ, ಒಳಗೆ ಹೊರಟವರು “ಆನ್ ಬಿಲೇ?” ಎನ್ನುವುದು, ಎರಡೂ ಹಗ್ಗ ಕೈಗೆ ಬಂದವರು “ಬಿಲೇ ಆನ್” ಎನ್ನುವುದು. ಪಟ್ಟದಕಲ್ಲಿನ ಕಾವಲುಗಾರರು ಅದನ್ನು ನಾಯಿಗಳ ಹೆಸರೆಂದು ತಿಳಿದಿದ್ದರು.

ಕಲಾದಗಿಗೆ ಹೋಗಬೇಕೆಂದು ಹಟ ಹಿಡಿದವರು ಇವರು. ಹತ್ತುವವರ ಪೈಕಿ ಒಬ್ಬ ಭೂವಿಜ್ಞಾನ ಓದಿದ ಹುಡುಗ ಇವರ ತಲೆಗೆ ಹುಳ ಬಿಟ್ಟಿದ್ದ. ಬಾದಾಮಿಯ ಈ ಬಂಡೆಗಳು, ಇವಕ್ಕಿಂತ ಬಹಳ ಹಿರಿಯವಾದ, ನೂರು ಕೋಟಿ ವರ್ಷಕ್ಕೂ ಹಿಂದಿನ ಬಾಗಲಕೋಟೆಯ ಬಂಡೆಗಳು, ಎರಡಕ್ಕೂ ಸೇರಿ ವಿಜ್ಞಾನದಲ್ಲಿ ಒಂದೇ ಮನೆತನದ ಹೆಸರು: ಕಲಾದಗಿ. ದಕ್ಷಿಣ ಮರಾಠಾ ಸೀಮೆಯನ್ನೆಲ್ಲ ತಿರುಗಿ ಈ ಕಲ್ಲುಗಳನ್ನು ವರ್ಣಿಸಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವರದಿ ಪ್ರಕಟಿಸಿದಾಗ ಕಲಾದಗಿ ಎಂದರೆ ಜಿಲ್ಲಾ ಕೇಂದ್ರ, ಬ್ರಿಟಿಷರ ದಂಡು ಇದ್ದ ಊರು. 1885ರಲ್ಲಿ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಅದರ ಹಿಂದೆಯೇ ಹೋಯಿತು. 1997ರಲ್ಲಿ ಮತ್ತೆ ಜಿಲ್ಲೆ ಒಡೆದಾಗ ಹೆಸರು ಬಾಗಲಕೋಟೆಯ ಪಾಲಾಯಿತು. ಹಾಗೆ ಕಲಾದಗಿಯ ಜಿಲ್ಲೆ ಈಗ ನೆಲದ ಮೇಲಿಲ್ಲ, ನೆಲದ ಕೆಳಗಿದೆ.

ಬಾಗಲಕೋಟೆ ದಾಟಿ ಲೋಕಾಪುರದ ದಾರಿ ಹಿಡಿದೆವು. ಬಾಗಲಕೋಟೆಯಲ್ಲಿ ನಿಲ್ಲಲಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಒಂದು ಭಾಗವನ್ನು ತಿಂದು, ಜನ ನವನಗರಕ್ಕೆ ಎದ್ದು ಹೋದ ಕಥೆಯನ್ನು ನಾಲ್ಕು ಗಂಟೆಯಲ್ಲಿ ನೋಡಿ ಬರೆಯಬಾರದು. ಕಲಾದಗಿಯಲ್ಲಿ ನೋಡುವುದೇನಿದೆ ಎಂದು ಕೇಳಿದರೆ ಅಲ್ಲಿನವರೇ ನಗುತ್ತಾರೆ: “ನೋಡೋದೇನ್ರೀ, ತಿನ್ನೋದೈತಿ.” ಘಟಪ್ರಭೆಯ ದಂಡೆಯ ಈ ಊರು ಚಿಕ್ಕು, ದಾಳಿಂಬೆಗೆ ಹೆಸರಾದದ್ದು. ರಸ್ತೆಯ ಪಕ್ಕದಲ್ಲೇ ಬುಟ್ಟಿ ಬುಟ್ಟಿ ಚಿಕ್ಕು. ಒಬ್ಬರು ತೋಟದೊಳಕ್ಕೇ ಕರೆದರು. ದಾಳಿಂಬೆಗೆ ಅಂಗಮಾರಿ ಬಿದ್ದು ಗಿಡ ಕಿತ್ತವರ ಕಥೆ ಹೇಳಿದರು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರು ಬಂದು ನೋಡಿ ಹೋದದ್ದನ್ನೂ ಹೇಳಿದರು. ಚಿಕ್ಕು ಮಾತ್ರ ಯಾವುದಕ್ಕೂ ಜಗ್ಗದೆ ನಿಂತಿದೆಯಂತೆ. ಪುಟ್ಟಯ್ಯ ನೆಲಕ್ಕೆ ಬಿದ್ದ ಹಣ್ಣು ತಿನ್ನಲು ಹೊರಟದ್ದನ್ನು ತಡೆದೆ. ಬಿಜಲಿಗೆ ಹಣ್ಣಿನ ಗೊಡವೆಯಿಲ್ಲ, ಸಾಲುಮರಗಳ ನಡುವೆ ಅಷ್ಟುದ್ದ ನೇರ ದಾರಿ ಕಂಡದ್ದೇ ಸಾಕಾಯಿತು. ತೋಟದವರು “ಬಿಡ್ರೀ, ಬೇಲಿ ಐತಿ” ಎಂದರು. ಬಿಟ್ಟೆ.

ಆ ಓಟವನ್ನು ಮೈಸೂರಿನಲ್ಲಿ ನಾನು ಕಂಡೇ ಇರಲಿಲ್ಲ. ಅಲ್ಲಿ ಅವಳಿಗೆ ಸಿಗುತ್ತಿದ್ದದ್ದು ಉದ್ಯಾನದ ಒಂದು ಸುತ್ತು, ಅದೂ ಹಗ್ಗದಲ್ಲಿ. ಇಲ್ಲಿ ಬೆನ್ನು ಒಮ್ಮೆ ಕಮಾನಾಗಿ ನಾಲ್ಕು ಕಾಲೂ ಹೊಟ್ಟೆಯ ಕೆಳಗೆ ಕೂಡುತ್ತಿತ್ತು, ಮರುಕ್ಷಣ ಉದ್ದಕ್ಕೆ ಚಾಚಿ ನಾಲ್ಕೂ ನೆಲ ಬಿಡುತ್ತಿತ್ತು. ಸಾಲಿನ ತುದಿಗೆ ಹೋಗಿ, ದೂಳೆಬ್ಬಿಸಿ ತಿರುಗಿ ಬಂದಳು. ತೋಟದವರು ಬಾಯಿಗೆ ಕವಳ ಹಾಕಿಕೊಳ್ಳುತ್ತಿದ್ದವರು ಕೈ ಅಲ್ಲೇ ನಿಲ್ಲಿಸಿ ನೋಡಿದರು. ಆಮೇಲೆ ವ್ಯವಹಾರಕ್ಕೆ ಬಂದರು: “ನಮ್ಮ ಕಾಕಾನ ಹತ್ರ ಒಳ್ಳೇ ಗಂಡು ಐತ್ರಿ. ಮರಿ ಮಾಡಸೋಣೇನು?” ಅವಳಿಗೆ ಆಪರೇಷನ್ ಆಗಿದೆ ಎಂದರು ಇವರು. ಆತ ನಂಬಲಾರದೆ ನಮ್ಮಿಬ್ಬರ ಮುಖ ನೋಡಿದರು. “ಹಂಗಾದ್ರ ಇಷ್ಟು ದೂರ ಯಾಕ ಕರ್ಕೊಂಡ್ ಬಂದ್ರಿ?” ಈ ಸೀಮೆಯಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. ಚಿಕ್ಕು ತೂಗಿಸಿಕೊಂಡು ಬಂದೆವು.

ಪುಷ್ಯ ಮಾಸ ಬಂತು, ಬನಶಂಕರಿ ಜಾತ್ರೆ ಬಂತು. ಬನದ ಹುಣ್ಣಿಮೆಯ ತೇರಿನ ದಿನ ನಾವು ಮನೆ ಬಿಟ್ಟು ಹೊರಬೀಳಲಿಲ್ಲ, ಬಿಜಲಿಗೆ ಮೈಕು, ಪಟಾಕಿ ಆಗುವುದಿಲ್ಲ. ಆದರೆ ಆ ಜಾತ್ರೆ ತೇರಿನ ದಿನಕ್ಕೆ ಮುಗಿಯುವುದಲ್ಲ. ನಾಟಕ ಕಂಪನಿಗಳು ವಾರಗಟ್ಟಲೆ ಡೇರೆ ಹಾಕಿರುತ್ತವೆ. ಪಾಳಿಯಲ್ಲಿ ನಾಟಕ ನೋಡಿದೆವು. ಇವರು ಒಂದು ರಾತ್ರಿ, ನಾನು ಒಂದು ರಾತ್ರಿ, ಬೇರೆ ಬೇರೆ ಕಂಪನಿ. ಇವರು ಬಂದು ಹಾಸ್ಯನಟನ ಮಾತನ್ನೆಲ್ಲ ಒಪ್ಪಿಸಿದರು, ನಾನು ನಗಲಿಲ್ಲ. ನಾನು ಬಂದು ನನ್ನ ಕಂಪನಿಯ ಕಥೆ ಹೇಳಿದೆ, ಇವರು ನಿದ್ದೆ ಹೋದರು. ಗುಹೆಗೆ ಒಗ್ಗಿದ ಪದ್ಧತಿ ನಾಟಕಕ್ಕೆ ಒಗ್ಗಲಿಲ್ಲ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಮಾತ್ರ ಯಾರಿಗೂ ವರದಿ ಮಾಡುವ ಗೋಜಿಲ್ಲದೆ ಹೊರಗೇ ಸಿಗುವುದು. ಹೊಂಡದ ಹತ್ತಿರದ ಮರದ ಕೆಳಗೆ ನಾಲ್ವರೂ ಕೂತು ತಿಂದೆವು. ಪುಟ್ಟಯ್ಯ ಚಟ್ನಿಗೂ ಮೂತಿ ಹಾಕಿ ಒಂದು ಪಾಠ ಕಲಿತ.

ಆ ಹೊತ್ತಿಗೆ ಬಂಡೆಯ ಬುಡದಲ್ಲಿ ಜರ್ಮನಿಯ ಗಂಡಹೆಂಡಿರ ಪರಿಚಯವಾಗಿತ್ತು. ಇಬ್ಬರೂ ನಿವೃತ್ತರು, ನಮಗಿಂತ ಹಿರಿಯರೇ, ನಮಗೆ ಮೂರು ಮೆಟ್ಟಿಲಿಗೆ ಒಮ್ಮೆ ನಿಲ್ಲಬೇಕಾಗುವಾಗ ಅವರು ಗೋಡೆ ಹತ್ತುತ್ತಿದ್ದರು. ಮನೆಯಲ್ಲಿ ಬಿಟ್ಟು ಬಂದ ತಮ್ಮ ನಾಯಿಯ ಫೋಟೊ ತೋರಿಸಿ, ಪುಟ್ಟಯ್ಯನ ಕಿವಿ ತಿಕ್ಕುತ್ತ ಕೂರುತ್ತಿದ್ದರು. ನಮ್ಮ ಪಾಳಿಯ ವಿಷಯ ಕೇಳಿ ಆ ಹೆಂಗಸಿಗೆ ಕನಿಕರವಾಯಿತು. ಒಂದು ಸಂಜೆ ಎರಡೂ ಹಗ್ಗಗಳನ್ನು ಇಸಿದುಕೊಂಡು, ನೀವಿಬ್ಬರೂ ಒಟ್ಟಿಗೆ ಹೋಗಿ ಬನ್ನಿ, ನಾವು ನೋಡಿಕೊಳ್ಳುತ್ತೇವೆ ಎಂದಳು. “ಬಿಲೇ ಆನ್” ಎಂದೂ ಹೇಳಿದಳು.

ಒಟ್ಟಿಗೆ ಹೋದೆವು. ಮೂರನೆಯ ಗುಹೆಯಲ್ಲಿ ಅನಂತನ ಮೇಲೆ ಕೂತ ವಿಷ್ಣು, ಅಲ್ಲೇ ತ್ರಿವಿಕ್ರಮ, ಮೇಲೆ ಆ ಜೋಡಿಗಳು. ತೂರಾಡುವವಳನ್ನು ಇವರು ಬೆರಳು ಮಾಡಿ ತೋರಿಸಿದರು. ನಾನು ಶಾಸನ ತೋರಿಸಿದೆ. ಇಬ್ಬರೂ ತಲೆಯಾಡಿಸಿದೆವು. ಅಷ್ಟು ದಿನ ಒಬ್ಬರು ಇನ್ನೊಬ್ಬರಿಗಾಗಿ ಕಣ್ಣು ಚೂಪು ಮಾಡಿಕೊಂಡು ನೋಡಿದ್ದನ್ನು ಈಗ ಇಬ್ಬರೂ ಸುಮ್ಮನೆ ನೋಡಿದೆವು. ನಾಲ್ಕನೆಯ ಜೈನ ಗುಹೆಯ ಹೊತ್ತಿಗೆ ಮಾತು ಪುಟ್ಟಯ್ಯನ ಕಡೆ ತಿರುಗಿತ್ತು, ನೀರು ಕುಡಿದಿದ್ದನೋ ಇಲ್ಲವೋ ಎಂದು. ಕೆಳಗಿಳಿದು ಬಂದಾಗ ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ, ಇವರ ಬಳಿಯೂ ಇರಲಿಲ್ಲ. ನಾಯಿಗಳ ವರದಿಯನ್ನು ಜರ್ಮನಿಯವರೇ ಒಪ್ಪಿಸಿದರು: ಬಿಜಲಿ ಪೂರ್ತಿ ಹೊತ್ತು ಮೆಟ್ಟಿಲನ್ನೇ ನೋಡುತ್ತಿದ್ದಳು, ಪುಟ್ಟಯ್ಯ ಅವರ ಬಿಸ್ಕತ್ತು ತಿಂದ. ಮರುದಿನ ಐಹೊಳೆಗೆ ಹೊರಟಾಗ ಜೊತೆಗೆ ಬರುತ್ತೇವೆ, ನಾಯಿ ಹಿಡಿದುಕೊಳ್ಳುತ್ತೇವೆ ಎಂದು ಅವರು ಮತ್ತೆ ಮುಂದಾದರು. ಇವರು ನಯವಾಗಿ ಬೇಡವೆಂದರು. ನಾನೂ ಒತ್ತಾಯ ಮಾಡಲಿಲ್ಲ. ಮೇಗುಟಿ ಬೆಟ್ಟಕ್ಕೆ ರವಿಕೀರ್ತಿಯ 634ರ ಶಾಸನ ನೋಡಲು ನಾನೊಬ್ಬಳೇ ಏದುಸಿರು ಬಿಡುತ್ತ ಹತ್ತಿ, ಗುಡಿಯ ಆಚೆಗಿನ ಬೃಹತ್ ಶಿಲಾ ಸಂಸ್ಕೃತಿಯವರ ಕಲ್ಮನೆಗಳಂಥ ಸಮಾಧಿಗಳನ್ನೂ ನೋಡಿ, ಇವರಿಗೆ ಹೇಳಬೇಕಾದ ಹನ್ನೆರಡು ವಿಷಯ ಇಟ್ಟುಕೊಂಡು ಇಳಿದೆ.

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಕಲ್ಲು ಕಾಯತೊಡಗಿತು. ಹತ್ತುವವರು ಮೊದಲು ನೆರಳಿನ ಗೋಡೆಗಳಿಗೆ ಸರಿದರು, ಆಮೇಲೆ ಒಬ್ಬೊಬ್ಬರೇ ಊರು ಬಿಟ್ಟರು. ಹಾಸುಬಂಡೆಯ ಮೇಲೆ ಹತ್ತು ಗಂಟೆಗೇ ಪುಟ್ಟಯ್ಯ ಒಂದೊಂದೇ ಕಾಲು ಎತ್ತಿ ನಿಲ್ಲುವಂತಾಯಿತು. ನಾವೂ ಗಂಟುಮೂಟೆ ಕಟ್ಟಿದೆವು. ಅವ್ವ ಬಿಜಲಿಗೆಂದು ರೊಟ್ಟಿ ಕಟ್ಟಿಕೊಟ್ಟಳು, ನಮಗೆ ಶೇಂಗಾ ಹಿಂಡಿ.

ಹುನಗುಂದದ ಮೇಲೆ ಬಂದು ಇಳಕಲ್ಲಿನಲ್ಲಿ ನಿಂತೆವು. ಇಲ್ಲಿಯವರೆಗೆ ಬಂದು ಇಳಕಲ್ ಸೀರೆ ಕೊಳ್ಳದೆ ಹೋಗುವುದುಂಟೆ? ನೆಯ್ಗೆಯವರ ಅಂಗಡಿಯ ಮುಂದೆ ನೆರಳಿತ್ತು. “ಆನ್ ಬಿಲೇ?” ಎಂದು ಹಗ್ಗ ಕೊಟ್ಟು ನಾನು ಒಳಗೆ ಹೋದೆ. ಮೈಯ ಹಾಸನ್ನು ಸೆರಗಿನ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವುದನ್ನು ಅಂಗಡಿಯವರು ಮಗ್ಗದ ಮೇಲೆಯೇ ತೋರಿಸಿದರು. ಇದೇ ತೋಪು ತೆನೆಯ ಸೆರಗಿನ ಗುಟ್ಟು, ಅದಕ್ಕೇ ಒಂದು ಸೀರೆಗೆಂದು ಹೂಡಿದ ಹಾಸು ಆ ಒಂದು ಸೀರೆಗೇ ಆಯಿತು. ರಾಶಿ ಬಿಚ್ಚಿಸಿದೆ. ದಾಳಿಂಬೆ ಬಣ್ಣದ್ದೊಂದು ಆರಿಸಿದೆ. ಹಸಿರು ಮೈಗೆ ಕೆಂಪಂಚಿನದು ಒಂದಿತ್ತು, ಅಂಚು ತೀರಾ ಗಾಢವಾಯಿತೆಂದು ಬೇಡ ಎಂದೆ.

ಹೊರಗೆ ಬಂದು ಹಗ್ಗ ಹಿಡಿದೆ. ಇವರು ತಮ್ಮ ಪಾಳಿ ಬಿಡುವವರಲ್ಲ, ಮಗ್ಗ ನೋಡಿ ಬರುತ್ತೇನೆಂದು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈಯಲ್ಲೊಂದು ಕಾಗದದ ಪೊಟ್ಟಣ.

“ಇನ್ನೊಂದು ಯಾಕೆ?”

“ನೀನು ನೋಡಿರಲಿಕ್ಕಿಲ್ಲ, ಅದಕ್ಕೇ ತಂದೆ. ಹಸಿರು ಮೈ, ಕೆಂಪಂಚು.”